ಮೂಕಜೀವಿಗಳಿಗೆ ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್: ಸಾಕುವವರು ತಿಳಿದಿರಬೇಕಾದ ಸಂಗತಿಗಳು

ಕಳೆದ ತಿಂಗಳು ಶ್ರೀಮಠದಲ್ಲಿ ಪ್ರಸಾದ ಸ್ವೀಕರಿಸಿ ಹೊರಬರುತ್ತಿದ್ದಾಗ ಹೊಸದುರ್ಗದ ಕಡೆಯ ತಾಯಿಯೊಬ್ಬರು ನಮ್ಮನ್ನು ನಿಲ್ಲಿಸಿ ಮಾತನಾಡಿಸಿದರು. ಅವರ ಮನೆಯ ಕರೆಯುವ ಹಸು ಹತ್ತು ದಿನಗಳಿಂದ ಮೇವು ಬಿಟ್ಟಿತ್ತು. ಪಶುವೈದ್ಯರು ಬಂದು ನೋಡಿ, ಹೊಟ್ಟೆಯಲ್ಲಿ ತಂತಿಯೋ ಮೊಳೆಯೋ ಸೇರಿರುವ ಅನುಮಾನವಿದೆ, ಎಕ್ಸ್‌ರೇ ತೆಗೆಸಿದರೆ ಒಳ್ಳೆಯದು ಎಂದಿದ್ದರಂತೆ. ಮನೆಯ ಹಿರಿಯರು ಒಪ್ಪಿರಲಿಲ್ಲ. “ಡಾಕ್ಟ್ರೇ, ಆ ಕಿರಣ ಬಿಟ್ಟ ಮೇಲೆ ಅದರ ಹಾಲನ್ನು ಮಕ್ಕಳಿಗೆ ಕೊಡಬಹುದೆ? ಹಸು ಗಬ್ಬವಾಗಿದೆ, ಅದಕ್ಕೇನೂ ಆಗುವುದಿಲ್ಲವೆ?” ಎಂದು ಕೇಳಿದರು. ನಾಲ್ಕು ಮಾತಿನಲ್ಲಿ ಉತ್ತರ ಹೇಳಿ ಕಳುಹಿಸಿದೆವು. ಆದರೆ ದಾರಿಯುದ್ದಕ್ಕೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಹಸು, ಎಮ್ಮೆ, ಕುರಿ, ನಾಯಿ ಸಾಕಿರುವ ಭಕ್ತರ ಮನೆಗಳು ನಮ್ಮ ಸೀಮೆಯಲ್ಲಿ ಸಾವಿರಾರಿವೆ. ಇದೇ ಸಂಶಯ ಎಷ್ಟು ಮನೆಗಳಲ್ಲಿ ಚಿಕಿತ್ಸೆಯನ್ನು ತಡೆದಿರಬಹುದು ಎನ್ನಿಸಿ, ಈ ಸಂಚಿಕೆಯ ಪುಟಗಳನ್ನು ಮನುಷ್ಯರ ಆರೋಗ್ಯದ ಬದಲು ಅವುಗಳ ಆರೋಗ್ಯಕ್ಕೆ ಮೀಸಲಿಡುತ್ತಿದ್ದೇವೆ.

ಮೊದಲೇ ಒಂದು ಮಾತು. ನಾವು ಆಯುರ್ವೇದ ಓದಿದವರು, ಪಶುವೈದ್ಯರಲ್ಲ. ಆದ್ದರಿಂದ ಇಲ್ಲಿ ಔಷಧವನ್ನಾಗಲಿ ಅದರ ಪ್ರಮಾಣವನ್ನಾಗಲಿ ಹೇಳುವುದಿಲ್ಲ. ಒಳಗನ್ನು ಕಾಣುವ ಈ ಸಾಧನಗಳು ಏನನ್ನು ತೋರಿಸಬಲ್ಲವು, ಏನನ್ನು ತೋರಿಸಲಾರವು, ಅವುಗಳ ಮುಂದೆ ಪ್ರಾಣಿಯನ್ನು ನಿಲ್ಲಿಸುವಾಗ ನಾವು ಹೇಗಿರಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ನಮ್ಮ ಶಾಸ್ತ್ರವು ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನೆ ಎಂಬ ಮೂರು ಬಗೆಯಿಂದ ಪರೀಕ್ಷಿಸಬೇಕೆನ್ನುತ್ತದೆ. ನೋಡಬೇಕು, ಮುಟ್ಟಬೇಕು, ಕೇಳಬೇಕು. ಪ್ರಾಣಿಯ ವಿಷಯದಲ್ಲಿ ಮೂರನೆಯದು ಇಲ್ಲವೇ ಇಲ್ಲ. ಎಲ್ಲಿ ನೋವು, ಎಂದಿನಿಂದ ನೋವು ಎಂದು ಹಸು ಹೇಳದು. ಅದರ ಪರವಾಗಿ ಉತ್ತರ ಕೊಡಬೇಕಾದವರು ಸಾಕಿದವರು. ಪ್ರಾಣಿಗಳಿಗೂ ಶಾಸ್ತ್ರೋಕ್ತ ವೈದ್ಯ ಬೇಕೆಂಬ ಅರಿವು ನಮ್ಮ ನಾಡಿಗೆ ಹೊಸದಲ್ಲ. ಕುದುರೆಗಳಿಗೆ ಶಾಲಿಹೋತ್ರ, ಆನೆಗಳಿಗೆ ಪಾಲಕಾಪ್ಯ ಎಂಬ ಪರಂಪರೆಗಳಿದ್ದವು. ಕನ್ನಡದಲ್ಲಿಯೇ ಚಾಲುಕ್ಯ ಅರಸು ಮನೆತನದ ಕೀರ್ತಿವರ್ಮನು ಸುಮಾರು 12ನೆಯ ಶತಮಾನದ ಆರಂಭದಲ್ಲಿ ‘ಗೋವೈದ್ಯ’ ಎಂಬ ಗ್ರಂಥವನ್ನು ರಚಿಸಿದನು. ಅವರೆಲ್ಲರಿಗೂ ಇದ್ದದ್ದು ಕಣ್ಣು ಮತ್ತು ಕೈ ಮಾತ್ರ. ಚರ್ಮದ ಒಳಗೆ ಕಣ್ಣು ಹಾಯಿಸುವ ದಾರಿ ದೊರೆತು ಇನ್ನೂ 130 ವರ್ಷಗಳಷ್ಟೇ ಕಳೆದಿವೆ.

ಕಣ್ಣು ಮತ್ತು ಕೈ ಎಲ್ಲಿ ಸೋಲುತ್ತವೆ ಎಂಬುದನ್ನು ನಾವು ಪುಸ್ತಕದಿಂದ ಕಲಿತವರಲ್ಲ. 1990ರ ದಶಕದ ಆರಂಭದಲ್ಲಿ ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮಗೆ ಬಹಳ ಬೇಕಾದ ರೈತ ಕುಟುಂಬವಿತ್ತು. ಅವರ ಹಸು ಮೇವು ಬಿಟ್ಟು, ಹಾಲು ಇಳಿದು, ಮೆಲುಕು ನಿಂತು, ಬೆನ್ನು ಬಾಗಿಸಿ ನಿಂತಿತ್ತು. ದನದ ಡಾಕ್ಟರು ದೂರ, ನಾವು ಹತ್ತಿರ. ‘ನೀವೇ ಏನಾದರೂ ಕೊಡಿ’ ಎಂದರು. ಮನುಷ್ಯರಂತೆ ಇದಕ್ಕೂ ಅಗ್ನಿಮಾಂದ್ಯವೆಂದು ಭಾವಿಸಿ ಇಂಗು, ಓಮ, ಶುಂಠಿ, ಬೆಲ್ಲಗಳನ್ನು ಕೂಡಿಸಿ ಗೊಟ್ಟದಲ್ಲಿ ಕುಡಿಸಲು ಹೇಳಿದೆವು. ಎರಡು ದಿನ ಸ್ವಲ್ಪ ಮೇವು ಮುಟ್ಟಿತು. ನಮಗೆ ಹೆಮ್ಮೆಯೂ ಆಯಿತು. ಎರಡು ವಾರ ಕಳೆಯುವಷ್ಟರಲ್ಲಿ ಗಂಗೆದೊಗಲಿನಲ್ಲಿ ಬಾವು ಇಳಿಯಿತು, ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬಿತು. ಪಶುವೈದ್ಯರನ್ನು ಕರೆತಂದಾಗ ಕಾಲ ಮೀರಿತ್ತು. ಹಸು ಸತ್ತ ಮೇಲೆ ಅವರು ಕೊಯ್ದು ತೋರಿಸಿದರು. ಬೆರಳುದ್ದದ ತಂತಿಯ ತುಂಡೊಂದು ಹೊಟ್ಟೆಯನ್ನು ಚುಚ್ಚಿ, ವಪೆಯನ್ನು ದಾಟಿ, ಹೃದಯದ ಹೊರಚೀಲವನ್ನು ಮುಟ್ಟಿತ್ತು. ಚೀಲದ ತುಂಬ ದುರ್ಗಂಧದ ಕೀವು. ಆ ಮನೆಯ ಯಜಮಾನರು ನಮಗೆ ಒಂದು ಮಾತೂ ಬಿರುಸಾಗಿ ಆಡಲಿಲ್ಲ. ಅದು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಬಾಗಿದ ಬೆನ್ನು, ಹೊರಕ್ಕೆ ಚಾಚಿದ ಮೊಣಕೈ, ಇಳಿಜಾರಿನಲ್ಲಿ ನಡೆಯುವಾಗಿನ ನರಳಿಕೆ ಇವೆಲ್ಲ ಮೊದಲ ದಿನವೇ ಕಣ್ಣೆದುರಿಗಿದ್ದವು. ನೋಡಿದೆವು, ಆದರೆ ಓದಲು ಬರಲಿಲ್ಲ.

ಇಂಥದ್ದು ದನಗಳಿಗೇ ಏಕೆ ಆಗುತ್ತದೆ ಎಂಬುದನ್ನು ತಿಳಿಯಬೇಕು. ಆಡು ತುಟಿಯಿಂದ ಆರಿಸಿ ತಿನ್ನುತ್ತದೆ. ದನ ಹಾಗಲ್ಲ. ನಾಲಗೆಯಿಂದ ಮೇವನ್ನು ಸುತ್ತಿ ಎಳೆದು, ಹೆಚ್ಚು ಅಗಿಯದೆ ನುಂಗಿ, ಆಮೇಲೆ ಬಿಡುವಿನಲ್ಲಿ ಮೆಲುಕು ಹಾಕುತ್ತದೆ. ಅದರ ನಾಲಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಬಾಯಿಗೆ ಬಂದ ತಂತಿ ಹೊರಬೀಳುವುದು ಕಷ್ಟ. ನುಂಗಿದ ಭಾರದ ವಸ್ತು ನಾಲ್ಕು ಹೊಟ್ಟೆಗಳಲ್ಲಿ ಎರಡನೆಯದಾದ, ಒಳಗೋಡೆಯು ಜೇನುಗೂಡಿನಂತಿರುವ ಜಾಲಹೊಟ್ಟೆಯಲ್ಲಿ ಹೋಗಿ ಕೂರುತ್ತದೆ. ಆ ಹೊಟ್ಟೆ ಇರುವುದು ವಪೆಗೆ ಒರಗಿಕೊಂಡು, ಅದರ ಮುಂದೆ ಕೆಲವೇ ಬೆರಳುಗಳ ಅಂತರದಲ್ಲಿ ಹೃದಯ. ಹೊಟ್ಟೆ ಹಿಂಡಿದಂತೆಲ್ಲ ಮೊನೆಯಿರುವ ತಂತಿ ಮುಂದಕ್ಕೆ ಸರಿಯುತ್ತದೆ. ಹಸು ತುಂಬಿದ ಗಬ್ಬವಾಗಿದ್ದರೆ ಬೆಳೆಯುವ ಗರ್ಭವೂ ಹಿಂದಿನಿಂದ ಒತ್ತುತ್ತದೆ.

ತಂತಿ ಬರುವುದು ಎಲ್ಲಿಂದ? ನಮ್ಮ ಸೀಮೆಯಲ್ಲಿ ದಾರಿಗಳು ಹಲವು. ಮನೆ ಕಟ್ಟುವಲ್ಲಿ ಕಂಬಿ ಬಿಗಿಯುವ ತಂತಿಯ ಚೂರುಗಳು, ಹಳೆಯ ಟೈರು ಸುಟ್ಟ ಬೂದಿಯಲ್ಲಿ ಉಳಿಯುವ ಎಳೆಗಳು, ಹಿರಿಯೂರು ಮತ್ತು ಹೊಸದುರ್ಗದ ದಾಳಿಂಬೆ ತೋಟಗಳಲ್ಲಿ ಗಿಡಗಳಿಗೆ ಆಸರೆಯಾಗಿ ಕಟ್ಟಿ ಮುರಿದುಬಿದ್ದ ತುಂಡುಗಳು, ಬೇಲಿಯ ಮುಳ್ಳುತಂತಿ. ಇವೆಲ್ಲಕ್ಕಿಂತ ಮೇವು ಕತ್ತರಿಸುವ ಯಂತ್ರ ದೊಡ್ಡ ಅಪಾಯ. ಉದ್ದನೆಯ ತಂತಿ ಜೋಳದ ಸೊಪ್ಪೆಯಲ್ಲಿ ಸೇರಿದ್ದರೆ ಹಸುವಿಗೆ ಗೊತ್ತಾದೀತು. ಯಂತ್ರ ಅದನ್ನು ಎರಡಂಗುಲದ ಚೂಪು ತುಂಡುಗಳಾಗಿ ಮಾಡಿ ಮೇವಿನಲ್ಲಿ ಬೆರೆಸಿಬಿಡುತ್ತದೆ. ಯಂತ್ರದ ಬಾಯಿಗೆ ಕೊಡುವ ಮುನ್ನ ಹೊರೆಯನ್ನು ಒಮ್ಮೆ ಕೊಡವುವ ಮನೆಗಳನ್ನು ನಾವು ಕಂಡಿರುವುದು ಕಡಿಮೆ.

ಕಿರಣದ ಕೆಲಸ

ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಾಂಟ್‌ಜನ್ ಅವರು 1895ರ ನವೆಂಬರ್ 8ರಂದು ಈ ಕಿರಣಗಳನ್ನು ಗುರುತಿಸಿದರು. ಸ್ವರೂಪ ತಿಳಿಯದ್ದರಿಂದ ಎಕ್ಸ್ ಎಂದು ಕರೆದರು. ಅದೇ ಡಿಸೆಂಬರಿನಲ್ಲಿ ತಮ್ಮ ಪತ್ನಿಯ ಕೈಯ ಚಿತ್ರ ತೆಗೆದರು. ಬೆರಳಿನ ಎಲುಬುಗಳೂ ಉಂಗುರವೂ ಕಾಣುವ ಆ ಚಿತ್ರ ಲೋಕಪ್ರಸಿದ್ಧ. 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ತಮ್ಮ ಶೋಧಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ.

ಯಂತ್ರದೊಳಗೆ ಗಾಳಿಯನ್ನು ಹೊರತೆಗೆದ ಒಂದು ಗಾಜಿನ ಕೊಳವೆಯಿದೆ. ಅದರ ಒಂದು ತುದಿಯಲ್ಲಿ ಬಲ್ಬಿನ ಎಳೆಯಂತಹ ತಂತುವನ್ನು ಕಾಯಿಸುತ್ತಾರೆ. ಅದರಿಂದ ಹೊರಟ ಎಲೆಕ್ಟ್ರಾನುಗಳು ಸಾವಿರಾರು ವೋಲ್ಟ್‌ಗಳ ಒತ್ತಡದಲ್ಲಿ ಧಾವಿಸಿ ಎದುರಿನ ಟಂಗ್‌ಸ್ಟನ್ ಲೋಹಕ್ಕೆ ಬಡಿಯುತ್ತವೆ. ಆ ಪೆಟ್ಟಿನ ಬಹುಪಾಲು ಬಿಸಿಯಾಗಿ ಹೋಗುತ್ತದೆ, ಅಲ್ಪಭಾಗ ಎಕ್ಸ್‌ರೇ ಆಗುತ್ತದೆ. ಕಿರಣ ಎಷ್ಟು ಆಳಕ್ಕೆ ಹಾಯಬಲ್ಲದು ಎಂಬುದನ್ನು ವೋಲ್ಟ್‌ಗಳಿಂದಲೂ, ಎಷ್ಟು ಕಿರಣ ಎಂಬುದನ್ನು ವಿದ್ಯುತ್ತಿನ ಪ್ರಮಾಣ ಮತ್ತು ಕಾಲದಿಂದಲೂ ಹದ ಮಾಡುತ್ತಾರೆ. ಕರುವಿನ ಕಾಲಿಗೆ ಅಥವಾ ನಾಯಿಗೆ ಕೈಯಲ್ಲಿ ಒಯ್ಯುವ ಚಿಕ್ಕ ಯಂತ್ರ ಸಾಕು. 400 ಕಿಲೋ ತೂಗುವ ಹಸುವಿನ ಎದೆ, ಹೊಟ್ಟೆಗಳನ್ನು ಹಾಯಬೇಕಾದರೆ ದೊಡ್ಡ ಯಂತ್ರವೇ ಬೇಕು. ‘ನಮ್ಮೂರ ಆಸ್ಪತ್ರೆಯಲ್ಲಿ ಎಕ್ಸ್‌ರೇ ಇದೆಯಂತೆ, ಆದರೂ ದೂರ ಕಳುಹಿಸುತ್ತಾರೆ’ ಎಂಬ ಅಸಮಾಧಾನಕ್ಕೆ ಅನೇಕ ವೇಳೆ ಕಾರಣ ಇದೇ.

ದೇಹವನ್ನು ಹಾದುಬಂದ ಕಿರಣ ಹಿಂದೆ ಇಟ್ಟ ಫಲಕದ ಮೇಲೆ ಬೀಳುತ್ತದೆ. ಮೊದಲು ಅಲ್ಲಿ ಫಿಲ್ಮ್ ಇತ್ತು, ಕತ್ತಲೆಕೋಣೆಯಲ್ಲಿ ತೊಳೆಯಬೇಕಿತ್ತು. ಈಗ ಅನೇಕ ಕಡೆ ಗಣಕಯಂತ್ರದ ತೆರೆಯ ಮೇಲೆಯೇ ಚಿತ್ರ ಬರುತ್ತದೆ. ಮೂಲತಃ ಇದು ನೆರಳಾಟ. ತೊಗಲುಗೊಂಬೆ ಆಟ ನೋಡಿದವರಿಗೆ ಬೇರೆ ವಿವರಣೆ ಬೇಡ. ಕಿರಣವನ್ನು ಹೆಚ್ಚು ತಡೆಯುವ ವಸ್ತು ಬೆಳ್ಳಗೆ, ಬಿಟ್ಟುಕೊಡುವುದು ಕಪ್ಪಗೆ ಕಾಣುತ್ತದೆ. ಗಾಳಿ ಎಲ್ಲಕ್ಕಿಂತ ಕಪ್ಪು, ಅನಂತರ ಕೊಬ್ಬು, ಅದಕ್ಕಿಂತ ತಿಳಿಯಾಗಿ ಮಾಂಸ ಮತ್ತು ನೀರು, ಅನಂತರ ಎಲುಬು, ಅಚ್ಚ ಬಿಳುಪಾಗಿ ಲೋಹ. ಈ ಐದು ಛಾಯೆಗಳಲ್ಲಿಯೇ ವೈದ್ಯರು ಎಲ್ಲವನ್ನೂ ಓದಬೇಕು. ಮಾಂಸಕ್ಕೂ ನೀರಿಗೂ ಛಾಯೆ ಒಂದೇ ಎಂಬುದನ್ನು ಗಮನಿಸಬೇಕು. ಹೊಟ್ಟೆಯೊಳಗೆ ಕಂಡ ಬೂದುಬಣ್ಣ ಕೀವೋ, ರಕ್ತವೋ, ಬರಿಯ ನೀರೋ ಎಂದು ಈ ಚಿತ್ರ ಹೇಳದು.

ನೆರಳಿಗೆ ಇನ್ನೊಂದು ದೋಷವಿದೆ. ಅದು ಆಳವನ್ನು ತೋರಿಸುವುದಿಲ್ಲ. ಪಕ್ಕದಿಂದ ತೆಗೆದ ಚಿತ್ರದಲ್ಲಿ ನೆಟ್ಟಗಿರುವ ಎಲುಬು, ಮುಂದಿನಿಂದ ತೆಗೆದಾಗ ಮುರಿದು ಸರಿದಿರುವುದು ಕಾಣಬಹುದು. ಆದ್ದರಿಂದಲೇ ಕಾಲಿನ ಮುರಿತಕ್ಕೆ ಒಂದಕ್ಕೊಂದು ಲಂಬವಾದ ಎರಡು ಚಿತ್ರಗಳು ಬೇಕು. ‘ಎರಡೆರಡು ತೆಗೆದು ದುಡ್ಡು ಮಾಡುತ್ತಾರೆ’ ಎಂದು ದೂರುವವರಿಗೆ ನಾವು ಈ ಮಾತನ್ನೇ ಹೇಳುತ್ತೇವೆ. ಎಳೆಯ ಕರುಗಳಲ್ಲಿ ಮತ್ತೊಂದು ತೊಡಕು. ಬೆಳೆಯುವ ಎಲುಬಿನ ತುದಿಗಳಲ್ಲಿ ಇನ್ನೂ ಗಟ್ಟಿಯಾಗದ ಮೃದುಭಾಗವೊಂದು ಅಡ್ಡಗೆರೆಯಂತೆ ಕಾಣುತ್ತದೆ. ಅರಿಯದವರಿಗೆ ಅದು ಮುರಿತವೇ. ಸಂಶಯ ಬಂದಾಗ ವೈದ್ಯರು ಆರೋಗ್ಯವಾಗಿರುವ ಇನ್ನೊಂದು ಕಾಲಿನ ಚಿತ್ರವನ್ನೂ ತೆಗೆದು ಹೋಲಿಸುತ್ತಾರೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ವಾಹನಗಳಿಗೆ ಸಿಕ್ಕಿ ಕಾಲು ಮುರಿದುಕೊಂಡ ಕರುಗಳನ್ನೂ ನಾಯಿಗಳನ್ನೂ ನೋಡುತ್ತಲೇ ಇರುತ್ತೇವೆ. ಸುಶ್ರುತನು ಕೀಲು ಜಾರುವುದರಲ್ಲಿ 6 ಬಗೆ, ಎಲುಬು ಮುರಿಯುವುದರಲ್ಲಿ 12 ಬಗೆ ಹೇಳಿದ್ದಾನೆ. ಅವನ್ನು ಬೆರಳಿನಿಂದ ಗುರುತಿಸುವ ವಿದ್ಯೆ ಅವನದು. ಇಂದು ಬಿದಿರಿನ ದಬ್ಬೆ ಕಟ್ಟುವ ಮೊದಲು ಒಂದು ಚಿತ್ರ ತೆಗೆಸಿದರೆ ಅವನ ವಿದ್ಯೆಗೆ ಅವಮಾನವಾಗದು.

ತಂತಿಯ ವಿಷಯಕ್ಕೆ ಮರಳೋಣ. ಲೋಹ ಅಚ್ಚ ಬಿಳುಪಾಗಿ ಕಾಣುವುದರಿಂದ ಜಾಲಹೊಟ್ಟೆಯ ತಂತಿಯನ್ನು ಹುಡುಕಲು ಎಕ್ಸ್‌ರೇ ಬಹಳ ಉಪಯುಕ್ತ. ಹಸುವನ್ನು ನಿಲ್ಲಿಸಿ, ಮುಂಗಾಲನ್ನು ಮುಂದಕ್ಕೆ ಎಳೆದು, ಮೊಣಕೈಯ ಹಿಂಭಾಗಕ್ಕೆ ಗುರಿಯಿಟ್ಟು ಪಕ್ಕದಿಂದ ತೆಗೆಯುತ್ತಾರೆ. ಆದರೆ ಇಲ್ಲಿಯೂ ವಿವೇಕ ಬೇಕು. ಆರೋಗ್ಯವಾಗಿರುವ ಎಷ್ಟೋ ದನಗಳ ಹೊಟ್ಟೆಯಲ್ಲಿ ಮೊಳೆ, ನಟ್ಟು, ನಾಣ್ಯ ಸುಮ್ಮನೆ ಬಿದ್ದಿರುತ್ತವೆ. ಚಿತ್ರದಲ್ಲಿ ಲೋಹ ಕಂಡಿತೆಂಬ ಮಾತ್ರಕ್ಕೆ ರೋಗಕ್ಕೆ ಅದೇ ಕಾರಣವೆನ್ನಲಾಗದು. ಅದು ತಳದಲ್ಲಿ ಮಲಗಿದೆಯೋ, ಗೋಡೆಯನ್ನು ಚುಚ್ಚಿ ಓರೆಯಾಗಿ ನಿಂತಿದೆಯೋ, ಹೊಟ್ಟೆಯ ಗೆರೆಯಿಂದ ಹೊರಗೆ ಹೋಗಿದೆಯೋ ಎಂಬುದನ್ನು ಹಸುವಿನ ಲಕ್ಷಣಗಳೊಡನೆ ಕೂಡಿಸಿ ನೋಡಬೇಕು. ಅದಕ್ಕಾಗಿಯೇ ಪಶುವೈದ್ಯರು ಮೊದಲು ಬೆನ್ನನ್ನು ಹಿಂಡಿ ನೋಡುತ್ತಾರೆ. ನೋವಿಲ್ಲದ ಹಸು ಬೆನ್ನನ್ನು ತಗ್ಗಿಸುತ್ತದೆ. ನೋವಿರುವುದು ತಗ್ಗಿಸದೆ ನರಳುತ್ತದೆ. ಎದೆಯ ಹಿಂದೆ ಅಡ್ಡಕೋಲು ಇಟ್ಟು ಇಬ್ಬರು ಎತ್ತಿ ನೋಡುವ ಪರೀಕ್ಷೆಯೂ ಇದೆ. ಇವೆಲ್ಲ ಕೈಯ ಪರೀಕ್ಷೆಗಳು. ಯಂತ್ರ ಬಂದಿತೆಂದು ಇವು ಹಳತಾಗಿಲ್ಲ.

ಹೊಟ್ಟೆಗೆ ಅಯಸ್ಕಾಂತ ನುಂಗಿಸುವ ಉಪಾಯವನ್ನು ಕೆಲವರು ಕೇಳಿರಬಹುದು. ಅದು ನಿಜ. ಬೆರಳುದ್ದದ, ಅಂಚು ನುಣುಪಾದ ಅಯಸ್ಕಾಂತವನ್ನು ಪಶುವೈದ್ಯರು ಬಾಯಿಯ ಮೂಲಕ ಇಳಿಸುತ್ತಾರೆ. ಅದು ಜಾಲಹೊಟ್ಟೆಯಲ್ಲಿಯೇ ಉಳಿದು ಸಡಿಲವಾಗಿರುವ ಕಬ್ಬಿಣದ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಳಕ್ಕೆ ಚುಚ್ಚಿಹೋದ ತಂತಿಯನ್ನು ಅದು ಎಳೆದು ತರಲಾರದು, ತಾಮ್ರ ಮತ್ತು ಅಲ್ಯುಮಿನಿಯಂ ಅದಕ್ಕೆ ಅಂಟುವುದಿಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಒಡೆದು ನುಂಗಿಸಿದವರನ್ನು ನಾವು ಬಲ್ಲೆವು. ಅಂಥ ಸಾಹಸ ಬೇಡ. ಅದರ ಚೂಪು ಅಂಚೇ ಇನ್ನೊಂದು ತಂತಿಯಾದೀತು.

ನಮ್ಮ ದೃಷ್ಟಿಯಲ್ಲಿ ಇಂದು ತಂತಿಗಿಂತ ಹೆಚ್ಚು ದನಗಳನ್ನು ಕಾಡುತ್ತಿರುವುದು ಪ್ಲಾಸ್ಟಿಕ್. ಎಕ್ಸ್‌ರೇ ಇಲ್ಲಿ ಹೆಚ್ಚುಕಡಿಮೆ ಕುರುಡು. ಪ್ಲಾಸ್ಟಿಕ್ ಚೀಲ ಕಿರಣವನ್ನು ತಡೆಯುವುದಿಲ್ಲ. ಮೇವಿನ ರಾಶಿಯ ನಡುವೆ ಅದು ಬೇರೆಯಾಗಿ ಕಾಣದು. ಹಿರಿಯೂರಿನ ತೇರುಮಲ್ಲೇಶ್ವರ ಸ್ವಾಮಿಯ ರಥೋತ್ಸವವಿರಲಿ, ನಮ್ಮ ಯಾವುದೇ ಊರಿನ ಜಾತ್ರೆಯಿರಲಿ, ತೇರು ಎಳೆದ ಮರುದಿನ ಬೆಳಗ್ಗೆ ಬಯಲಿನಲ್ಲಿ ದನಗಳು ಏನು ಮೇಯುತ್ತಿರುತ್ತವೆ ಎಂಬುದನ್ನು ಭಕ್ತರು ನಿಂತು ನೋಡಬೇಕು. ಅನ್ನ ಮೆತ್ತಿದ ಚೀಲವನ್ನು ದನ ಬಿಡಿಸಿ ತಿನ್ನುವುದಿಲ್ಲ, ಚೀಲ ಸಮೇತ ನುಂಗುತ್ತದೆ. ವರ್ಷಗಳ ಮೇಲೆ ಮೊದಲ ಹೊಟ್ಟೆಯಲ್ಲಿ ಅದು ಹಗ್ಗದ ಉಂಡೆಯಂತೆ ಬೆಳೆದು, ಹಸು ತಿಂದಷ್ಟೂ ಸೊರಗುತ್ತದೆ, ಮತ್ತೆ ಮತ್ತೆ ಹೊಟ್ಟೆಯುಬ್ಬರ ಬರುತ್ತದೆ. ಇದನ್ನು ಗುರುತಿಸುವುದು ಚಿತ್ರದಿಂದಲ್ಲ, ವೈದ್ಯರ ಕೈಯಿಂದ ಮತ್ತು ಸಾಕಿದವರು ಮರೆಮಾಚದೆ ಹೇಳುವ ಮಾತಿನಿಂದ. ‘ನಮ್ಮ ಹಸು ಬೀದಿಗೆ ಹೋಗುವುದೇ ಇಲ್ಲ’ ಎಂದು ಮರ್ಯಾದೆಗಾಗಿ ಹೇಳುವ ಸುಳ್ಳು ಹಸುವಿಗೆ ದುಬಾರಿಯಾಗುತ್ತದೆ. ಚಿತ್ರದಲ್ಲಿ ಏನೂ ಇಲ್ಲವೆಂದರೆ ಹೊಟ್ಟೆಯಲ್ಲಿ ಏನೂ ಇಲ್ಲವೆಂದು ಅರ್ಥವಲ್ಲ.

ಸದ್ದಿನಿಂದ ಕಾಣುವುದು

ಸ್ಕ್ಯಾನಿಂಗ್ ಎಂದು ಜನ ಕರೆಯುವ ಅಲ್ಟ್ರಾಸೌಂಡ್‌ನಲ್ಲಿ ಕಿರಣವೇ ಇಲ್ಲ, ಇರುವುದು ಸದ್ದು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ಕೇಳುತ್ತದೆ. ಇದು ಲಕ್ಷಗಟ್ಟಲೆ ಕಂಪನಗಳ ಸದ್ದು. ದೇಹದೊಳಕ್ಕೆ ಹೋಗಿ, ಒಂದೊಂದು ಪದರಕ್ಕೂ ತಾಗಿ ಮರಳಿ ಬರುವ ಪ್ರತಿಧ್ವನಿಯಿಂದ ಯಂತ್ರ ಚಿತ್ರ ಬಿಡಿಸುತ್ತದೆ. ಚಂದ್ರವಳ್ಳಿಯ ಬಂಡೆಗಳ ನಡುವೆ ಕೂಗಿ ಪ್ರತಿಧ್ವನಿ ಕೇಳಿದ ಮಕ್ಕಳಿಗೂ ಇದು ಅರ್ಥವಾದೀತು. ಎಕ್ಸ್‌ರೇಗೆ ಒಂದೇ ಎನಿಸುವ ನೀರು ಮತ್ತು ಮಾಂಸ ಇದಕ್ಕೆ ಬೇರೆಬೇರೆ. ನೀರು ಕಪ್ಪಗೆ ಸ್ಪಷ್ಟವಾಗಿ ತೋರುತ್ತದೆ. ಆದ್ದರಿಂದ ಹೃದಯದ ಚೀಲದಲ್ಲಿ ನೀರು ತುಂಬಿದೆಯೆ, ಜಾಲಹೊಟ್ಟೆಯ ಸುತ್ತ ಕೀವುಗಂಟು ಕಟ್ಟಿದೆಯೆ, ಗರ್ಭಕೋಶದಲ್ಲಿ ಕರುವಿದೆಯೋ ಕೀವಿದೆಯೋ ಎಂಬುದಕ್ಕೆ ಇದೇ ಸಾಧನ. ಗಾಳಿ ಮತ್ತು ಎಲುಬು ಮಾತ್ರ ಇದಕ್ಕೆ ಗೋಡೆಗಳು. ಗಾಳಿ ತುಂಬಿದ ಮೊದಲ ಹೊಟ್ಟೆಯ ಆಚೆ ಏನಿದೆಯೆಂದು ಇದು ಹೇಳಲಾರದು. ಕೂದಲ ನಡುವಿನ ಗಾಳಿಯೂ ಅಡ್ಡಿ. ಅದಕ್ಕೇ ಕೂದಲು ಬೋಳಿಸಿ ಲೋಳೆ ಹಚ್ಚುವುದು. ‘ಹಸುವಿನ ಅಂದ ಕೆಟ್ಟಿತು’ ಎಂದು ಬೇಸರಪಡಬಾರದು, ಕೂದಲು ಮತ್ತೆ ಬರುತ್ತದೆ.

ಹಸುವಿನ ಗಬ್ಬವನ್ನು ಗುದದ್ವಾರದ ಮೂಲಕ ಇಡುವ ಸಾಧನದಿಂದ 28ರಿಂದ 30 ದಿನಗಳಲ್ಲಿಯೇ ತಿಳಿಯಬಹುದು. ಕೈಹಾಕಿ ನೋಡುವ ರೂಢಿಯ ಪರೀಕ್ಷೆಗೆ ಅದಕ್ಕಿಂತ ಹೆಚ್ಚು ದಿನ ಕಾಯಬೇಕಾಗುತ್ತದೆ. ನಮ್ಮ ಜಿಲ್ಲೆ ಕುರಿಗಳ ಸೀಮೆ. ಕುರಿಗೆ ಕೈಹಾಕುವಂತಿಲ್ಲವಾದ್ದರಿಂದ ಅದರ ಹೊಟ್ಟೆಯ ಮೇಲಿಂದಲೇ ಸುಮಾರು 40 ದಿನಗಳ ಅನಂತರ ನೋಡುತ್ತಾರೆ. ಒಂದೋ ಎರಡೋ ಎಂಬುದೂ ಮುಂದೆ ತಿಳಿಯುತ್ತದೆ, ಅವಳಿ ಹೊತ್ತದ್ದಕ್ಕೆ ಹೆಚ್ಚು ಮೇವು ಕೊಡಬಹುದು. ಕಟ್ಟಿ ಮೇಯಿಸುವ ಟಗರು, ಹೋತಗಳಿಗೆ ಮೆಕ್ಕೆಜೋಳ ಅತಿಯಾದರೆ ಮೂತ್ರದಲ್ಲಿ ಕಲ್ಲಾಗುತ್ತದೆ. ಮೂತ್ರ ಕಟ್ಟಿ ತಿಣುಕುವ ಟಗರಿನ ಮೂತ್ರಕೋಶ ಉಬ್ಬಿದೆಯೋ, ಒಡೆದು ಹೊಟ್ಟೆಯೊಳಗೆ ನೀರಾಗಿದೆಯೋ ಎಂದು ಸ್ಕ್ಯಾನಿಂಗ್ ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ. ಅದನ್ನು ಹೊಟ್ಟೆನೋವೆಂದು ತಿಳಿದು ಎಣ್ಣೆ ಕುಡಿಸುತ್ತ ಕೂತರೆ ಎರಡು ಮೂರು ದಿನಗಳಲ್ಲಿ ಟಗರು ಹೋಗುತ್ತದೆ. ನಾಯಿಯ ಹೊಟ್ಟೆಯಲ್ಲಿ ಮರಿಗಳೆಷ್ಟು ಎಂದು ಎಣಿಸಲು ಮಾತ್ರ ಎಕ್ಸ್‌ರೇಯೇ ಮೇಲು. ಆದರೆ ಮರಿಗಳ ಎಲುಬು ಗಟ್ಟಿಯಾಗುವುದು 45 ದಿನಗಳ ಆಸುಪಾಸು, ಅದಕ್ಕೆ ಮುಂಚೆ ತೆಗೆಸಿ ಫಲವಿಲ್ಲ.

ಸಿ.ಟಿ., ಎಂ.ಆರ್.ಐ. ಯಂತ್ರಗಳ ಮಾತು ಇಲ್ಲಿ ಬೇಡ. ದೊಡ್ಡ ನಗರಗಳಲ್ಲಿ ನಾಯಿ, ಬೆಕ್ಕುಗಳಿಗೆ ಅವು ದೊರೆಯುತ್ತವೆ. ನಮ್ಮ ಕೊಟ್ಟಿಗೆಯ ಹಸುವಿಗೆ ಅವು ಸದ್ಯಕ್ಕೆ ದೂರದ ಮಾತು.

ಹಾಲು, ಗಬ್ಬ ಮತ್ತು ಹಿಡಿದು ನಿಲ್ಲುವವರು

ಆ ತಾಯಿಯ ಪ್ರಶ್ನೆಗೆ ಬರೋಣ. ಎಕ್ಸ್‌ರೇ ದೀಪದ ಬೆಳಕಿನಂತೆ. ಗುಂಡಿ ಒತ್ತಿದಾಗ ಇರುತ್ತದೆ, ಬಿಟ್ಟಾಗ ಇಲ್ಲ. ಹಸುವಿನ ಮೈಯಲ್ಲಿ ಅದು ಉಳಿಯುವುದಿಲ್ಲ, ಹಾಲಿಗೆ ಇಳಿಯುವುದಿಲ್ಲ. ಎಕ್ಸ್‌ರೇ ತೆಗೆಸಿದ ಸಂಜೆಯೇ ಕರೆದ ಹಾಲನ್ನು ಮಕ್ಕಳಿಗೆ ಕೊಡಬಹುದು. ಆದರೆ ಹಸುವನ್ನು ಸುಮ್ಮನಿರಿಸಲು ಮಂಪರಿನ ಚುಚ್ಚುಮದ್ದನ್ನೋ ಬೇರೆ ಔಷಧವನ್ನೋ ಕೊಟ್ಟಿದ್ದರೆ ಆ ಔಷಧ ಹಾಲಿಗೆ ಬರಬಹುದು. ಎಷ್ಟು ಹೊತ್ತಿನ ಹಾಲನ್ನು ಚೆಲ್ಲಬೇಕೆಂದು ವೈದ್ಯರನ್ನೇ ಕೇಳಬೇಕು. ಗಬ್ಬದ ವಿಷಯವನ್ನು ಮೊದಲೇ ತಿಳಿಸಬೇಕು. ಎಳೆಯ ಗರ್ಭ ಕಿರಣಕ್ಕೆ ಸೂಕ್ಷ್ಮವೆಂಬುದು ನಿಜ. ಆದರೆ ಕಾಲಿಗೋ ಎದೆಗೋ ಗುರಿಯಿಟ್ಟ ಒಂದೆರಡು ಚಿತ್ರಗಳಿಂದ ಗರ್ಭಕ್ಕೆ ತಲುಪುವುದು ಅತ್ಯಲ್ಪ. ಚುಚ್ಚಿಕೊಂಡಿರುವ ತಂತಿಯಿಂದ ತಾಯಿಗೂ ಕರುವಿಗೂ ಇರುವ ಅಪಾಯ ಅದಕ್ಕಿಂತ ಬಹಳ ದೊಡ್ಡದು.

ನಿಜವಾಗಿ ಎಚ್ಚರ ಬೇಕಾದದ್ದು ಹಸುವಿಗಲ್ಲ, ಹಗ್ಗ ಹಿಡಿದು ನಿಲ್ಲುವವರಿಗೆ. ಹಸುವಿಗೆ ಬದುಕಿನಲ್ಲಿ ಒಂದೋ ಎರಡೋ ಎಕ್ಸ್‌ರೇ. ಹಿಡಿಯುವ ಸಹಾಯಕರಿಗೆ ದಿನವೂ ಅದೇ ಕೆಲಸ. ಪ್ರಾಣಿಯ ಮೈಗೆ ತಾಗಿದ ಕಿರಣದ ಒಂದಂಶ ಸುತ್ತಲೂ ಚದುರುತ್ತದೆ, ಅದು ಕಾಣದು, ಬಿಸಿಯಾಗದು, ವಾಸನೆಯಿಲ್ಲ. ನಮ್ಮ ದೇಶದಲ್ಲಿ ಇದರ ಕಟ್ಟುಪಾಡುಗಳನ್ನು ನೋಡಿಕೊಳ್ಳುವುದು 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿ. ಕಿರಣದ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಸಾಮಾನ್ಯ ಜನರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಎಂಬ ಮಿತಿಯಿದೆ. ಸಾಮಾನ್ಯರಿಗೆ ಅಷ್ಟು ಕಡಿಮೆ ಮಿತಿ ಇರುವುದರಿಂದಲೇ, ಅಗತ್ಯವಿಲ್ಲದಿದ್ದರೆ ಕೋಣೆಯಿಂದ ಹೊರಗಿರಿ ಎಂದು ಹೇಳಿದಾಗ ಭಕ್ತರು ಮುನಿಸಿಕೊಳ್ಳಬಾರದು. ಗರ್ಭಿಣಿಯರು ಮತ್ತು 18 ವರ್ಷದೊಳಗಿನ ಮಕ್ಕಳು ಯಾವ ಕಾರಣಕ್ಕೂ ಪ್ರಾಣಿಯನ್ನು ಹಿಡಿದು ನಿಲ್ಲಬಾರದು. ಹಿಡಿಯಲೇಬೇಕಾದವರು ಸೀಸದ ನಿಲುವಂಗಿಯನ್ನು ಕೇಳಿ ತೊಡಬೇಕು. ಅದು ಚದುರಿದ ಕಿರಣವನ್ನು ತಡೆಯುತ್ತದೆಯೇ ಹೊರತು ನೇರ ಕಿರಣವನ್ನು ಪೂರ್ತಿ ತಡೆಯದು. ಆದ್ದರಿಂದ ಬರಿಗೈಯಿಂದ ಫಲಕವನ್ನು ಹಿಡಿಯಕೂಡದು, ಅದಕ್ಕೆ ಉದ್ದ ಹಿಡಿಯ ಚೌಕಟ್ಟು ಇರುತ್ತದೆ. ಎಲ್ಲಕ್ಕಿಂತ ಅಗ್ಗದ ರಕ್ಷಣೆ ದೂರ. ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ತಾಗುವ ಕಿರಣ ಅರ್ಧವಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಸ್ಕ್ಯಾನಿಂಗ್‌ಗೆ ಈ ಯಾವ ಭಯವೂ ಇಲ್ಲ.

ಪ್ರಾಣಿ ಅಲುಗಿದರೆ ಚಿತ್ರ ಮಸುಕಾಗುತ್ತದೆ, ಮತ್ತೆ ತೆಗೆಯಬೇಕಾಗುತ್ತದೆ, ಎಲ್ಲರಿಗೂ ಕಿರಣ ಇಮ್ಮಡಿ. ಮನೆಯಲ್ಲಿ ಕಟ್ಟಿ ಸಾಕಿದ ಹಸು ಮೂಗುದಾರ ಹಿಡಿದರೆ ನಿಂತೀತು. ಆದರೆ ನಮ್ಮ ಸುತ್ತಿನ ಕಾವಲುಗಳಲ್ಲಿ ಬೆಳೆದ ಅಮೃತ ಮಹಲ್ ರಾಸುಗಳ ಕತೆ ಬೇರೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದು ದಂಡಿನ ಬಂಡಿಗಳನ್ನು ಎಳೆದ ತಳಿ ಅದು. ಅಪರಿಚಿತರನ್ನು ಹತ್ತಿರ ಬಿಡದು. ಅಂಥವಕ್ಕೆ ಕಬ್ಬಿಣದ ಚೌಕಟ್ಟು, ಮಂಪರಿನ ಮದ್ದು ಎರಡೂ ಬೇಕು. ಮದ್ದು ಕೊಟ್ಟು ಮಲಗಿಸಿದ ದನಕ್ಕೆ ಹೊಟ್ಟೆಯುಬ್ಬರ ಬಂದು, ಮೇವಿನ ರಸ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಆದ್ದರಿಂದ ಹಿಂದಿನ ದಿನ ಮೇವು ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ಕರುಣೆಯಿಂದ ಒಂದು ಹಿಡಿ ಹುಲ್ಲು ಕೊಟ್ಟೆವೆಂದರೆ ಅದು ಕರುಣೆಯಲ್ಲ.

ಇನ್ನು ಹೋಗುವ ಸಿದ್ಧತೆ. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ದೊರೆಯುತ್ತದೆ, ಮೊದಲ ಪರೀಕ್ಷೆ ಮನೆಬಾಗಿಲಿನಲ್ಲಿಯೇ ಆಗಲಿ. ಚಿತ್ರ ಬೇಕೆಂದು ಅವರು ಹೇಳಿದರೆ ಮೊದಲು ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ದೊಡ್ಡ ಯಂತ್ರ ಮತ್ತು ಶಸ್ತ್ರಚಿಕಿತ್ಸೆ ಎರಡೂ ಒಂದೇ ಕಡೆ ಬೇಕೆಂದರೆ ನಮಗೆ ಹತ್ತಿರದ್ದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಹಿರಿಯೂರಿನವರಿಗೆ ಬೆಂಗಳೂರಿನ ಹೆಬ್ಬಾಳದ ಕಾಲೇಜೂ ಹೆದ್ದಾರಿಯ ದಾರಿಯಲ್ಲಿದೆ, ಅದು 1958ರಿಂದ ಇರುವ ಸಂಸ್ಥೆ. ಎಲ್ಲಿಗೇ ಆಗಲಿ, ಹೊರಡುವ ಮುನ್ನ ಫೋನ್ ಮಾಡಿ ಕೇಳಬೇಕು. ಯಂತ್ರ ಇರುವುದು ಬೇರೆ, ಅದನ್ನು ನಡೆಸುವವರು ಆ ದಿನ ಇರುವುದು ಬೇರೆ.

ತಂತಿಯ ಅನುಮಾನವಿರುವ ಹಸುವನ್ನು ವಾಹನದಲ್ಲಿ ಒಯ್ಯುವಾಗ ಮುಂಗಾಲುಗಳ ಕೆಳಗೆ ಮಣ್ಣಿನ ಚೀಲ ಹಾಸಿ ಮುಂಭಾಗವನ್ನು ಒಂದು ಗೇಣು ಎತ್ತರಿಸಿ ನಿಲ್ಲಿಸುವುದು ಒಳ್ಳೆಯದು. ಹೊಟ್ಟೆಯ ಭಾರ ಹಿಂದಕ್ಕೆ ಸರಿದು ತಂತಿಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಕೊಟ್ಟಿಗೆಯಲ್ಲಿಯೂ ಅದೇ ರೀತಿ ಕಟ್ಟಬಹುದು. ಓಡಿಸಬಾರದು, ಹೊಡೆಯಬಾರದು, ಗೊಟ್ಟದಲ್ಲಿ ಏನನ್ನೂ ಕುಡಿಸಬಾರದು. ಇದನ್ನು ಬರೆಯುತ್ತಿರುವವರು ಹಾಗೆ ಕುಡಿಸಿದವರೇ.

ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಮೇವು ಬಿಟ್ಟದ್ದು ಯಾವ ದಿನ, ಹಾಲು ಎಷ್ಟಿದ್ದದ್ದು ಎಷ್ಟಾಯಿತು, ಕರು ಹಾಕಿ ಅಥವಾ ಗಬ್ಬವಾಗಿ ಎಷ್ಟು ತಿಂಗಳು, ಸಗಣಿ ಹೇಗಿದೆ, ಇತ್ತೀಚೆಗೆ ಮನೆಯಲ್ಲಿ ಕಟ್ಟಡದ ಕೆಲಸವೋ ಬೇಲಿಯ ಕೆಲಸವೋ ನಡೆದಿತ್ತೆ, ಮೇವನ್ನು ಯಂತ್ರದಲ್ಲಿ ಕತ್ತರಿಸುತ್ತೀರೆ, ಯಾವ ಔಷಧ ಕೊಟ್ಟಿರಿ. ನಾಟಿ ಔಷಧ ಕೊಟ್ಟಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ತೆಗೆದ ಫಿಲ್ಮನ್ನು ಮಡಿಸದೆ, ಒಲೆಯ ಬಿಸಿ ತಾಗದಂತೆ ಲಕೋಟೆಯಲ್ಲಿಡಿ. ಕಾಲು ಮುರಿದ ಕರುವಾದರೆ ಕಟ್ಟು ಬಿಚ್ಚುವ ಮುನ್ನ ಕೆಲವು ವಾರಗಳ ಮೇಲೆ ಮತ್ತೊಂದು ಚಿತ್ರ ತೆಗೆದು ಇದರೊಡನೆ ಹೋಲಿಸುತ್ತಾರೆ, ಆಗ ಹಳೆಯದು ಕೈಯಲ್ಲಿರಬೇಕು.

ಹೊಸದುರ್ಗದ ಆ ತಾಯಿ ಮೊನ್ನೆ ಫೋನ್ ಮಾಡಿದ್ದರು. ಮನೆಯ ಹಿರಿಯರು ಒಪ್ಪಿದ್ದಾರೆ, ಸೋಮವಾರ ಹಸುವನ್ನು ಒಯ್ಯುತ್ತಾರಂತೆ. ಸೊಸೆ ಐದು ತಿಂಗಳ ಗರ್ಭಿಣಿ. ಹಸು ಅವಳೊಬ್ಬಳ ಮಾತನ್ನೇ ಕೇಳುವುದರಿಂದ ಅವಳನ್ನೇ ಹಿಡಿಯಲು ಕರೆದೊಯ್ಯುವ ಯೋಚನೆ ಇತ್ತಂತೆ. ಬೇಡವೆಂದು ಹೇಳಿದ್ದೇವೆ.